92 ದಿನದಲ್ಲಿ ಎದ್ದ ಕಡಲತಡಿಯ ಚಪ್ಪರ

ನ್ಯೂಜೆರ್ಸಿಯ ಕಡಲತಡಿಯಲ್ಲಿ ಓಷನ್ ಗ್ರೋವ್ ಅಂತ ಒಂದು ಪುಟ್ಟ ಊರಿದೆ. ಮೂರು ಸಾವಿರ ಚಿಲ್ಲರೆ ಜನ, ಅರ್ಧ ಚದರ ಮೈಲಿಯಷ್ಟು ಜಾಗ. ಆ ಊರಿನ ನಟ್ಟನಡುವೆ ಊರಿಗೇ ದೊಡ್ಡದಾದ ಒಂದು ಮರದ ಕಟ್ಟಡ ಕೂತಿದೆ. ಅದರ ಹೆಸರು ಗ್ರೇಟ್ ಆಡಿಟೋರಿಯಂ. ಒಳಗೆ ಇವತ್ತಿಗೂ ಸುಮಾರು ಆರು ಸಾವಿರ ಜನ ಕೂರಬಹುದು, ಕಟ್ಟಿದ ಕಾಲದಲ್ಲಿ ಹತ್ತು ಸಾವಿರದ ಹತ್ತಿರ ಹಿಡಿಸುತ್ತೆ ಅನ್ನುತ್ತಿದ್ದರು. ಮೆಥಡಿಸ್ಟ್ ಕ್ರೈಸ್ತರು 1894ರಲ್ಲಿ ಇದನ್ನು ಕಟ್ಟಿದರು. ಕಟ್ಟೋಕೆ ಹಿಡಿದಿದ್ದು 92 ದಿನ.

ಮೂರು ತಿಂಗಳು! ನಮ್ಮಲ್ಲಿ ಮನೆಯ ಕಾಂಪೌಂಡ್ ಗೋಡೆ ಮುಗಿಯೋಕೆ ಇದಕ್ಕಿಂತ ಜಾಸ್ತಿ ದಿನ ಬೇಕಾಗುತ್ತೆ.

ಅವಸರಕ್ಕೆ ಕಾರಣ ಇತ್ತು. ಅವರಿಗೆ ಬೇಕಾಗಿದ್ದಿದ್ದು ದೇವಾಲಯ ಅಲ್ಲ, ಚಪ್ಪರ. ಬೇಸಿಗೆಯಲ್ಲಿ ಸೇರುವ ಜನ ಮಳೆ ಬಂದರೆ ನೆನೆಯಬಾರದು, ಬಿಸಿಲಿಗೆ ಬಾಡಬಾರದು, ಹಿಂದಿನ ಸಾಲಿನಲ್ಲಿ ಕೂತವರಿಗೂ ಮಾತು ಕೇಳಬೇಕು. ಅಷ್ಟೇ. ಚಳಿಗಾಲದ ಯೋಚನೆಯನ್ನು ಅವರು ಮಾಡಲೇ ಇಲ್ಲ. ಇವತ್ತಿಗೂ ಅದಕ್ಕೆ ಹೀಟಿಂಗ್ ಇಲ್ಲ. ಬೇಸಿಗೆ ಮುಗಿದರೆ ಬಾಗಿಲು ಹಾಕುತ್ತಾರೆ. ವರ್ಷವಿಡೀ ನಡೆಯುವ ಮಾಮೂಲಿ ಮೆಥಡಿಸ್ಟ್ ಚರ್ಚ್ ಊರಲ್ಲಿ ಬೇರೆಯೇ ಇದೆ. ಆದರೆ ಊರಿನ ಚರಿತ್ರೆ ಕೇಳಬೇಕು ಅಂದರೆ ಈ ಚಪ್ಪರವನ್ನೇ ಕೇಳಬೇಕು.

ನ್ಯೂಜೆರ್ಸಿಯ ಎಡಿಸನ್ ಊರಿನ ಸುತ್ತಮುತ್ತ ಇರುವ ನಮ್ಮ ಕನ್ನಡದವರು ಬೇಸಿಗೆ ಬಂತು ಅಂದರೆ ಜೆರ್ಸಿ ಶೋರ್, ಅಂದರೆ ಈ ಕಡಲತಡಿಯ ಕಡೆ ಗಾಡಿ ತಿರುಗಿಸುತ್ತಾರೆ. ಚಿತ್ರಾನ್ನದ ಡಬ್ಬಿ, ಛತ್ರಿ, ಮಕ್ಕಳ ಬಕೆಟ್ಟು ಎಲ್ಲ ಡಿಕ್ಕಿಯಲ್ಲಿ. ಹೆಚ್ಚಿನವರು ಹೋಗೋದು ಪಕ್ಕದ ಆಸ್ಬರಿ ಪಾರ್ಕ್‌ಗೆ. ಅಲ್ಲಿ ಹೋಟೆಲು, ಸಂಗೀತ, ಬಾರು, ಗಲಾಟೆ ಎಲ್ಲ ಇದೆ. ಅದರ ದಕ್ಷಿಣಕ್ಕೆ ವೆಸ್ಲಿ ಲೇಕ್ ಅಂತ ಒಂದು ಸಣ್ಣ ಕೆರೆ. ಕೆರೆಯ ಮೇಲಿನ ಕಾಲುಸೇತುವೆ ದಾಟಿದರೆ ಓಷನ್ ಗ್ರೋವ್. ಸೇತುವೆ ದಾಟಿದ ಮೇಲೆ ಒಂದು ಹನಿ ಮದ್ಯ ಮಾರಾಟಕ್ಕೆ ಸಿಗಲ್ಲ. ಇವತ್ತಿಗೂ ಸಿಗಲ್ಲ.

ಈ ಊರು ಹುಟ್ಟಿದ್ದು 1869ರಲ್ಲಿ. ಅದಕ್ಕೂ ಹಿಂದೆ ಸ್ವಲ್ಪ ಹೋಗಬೇಕು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಇಂಗ್ಲೆಂಡಿನವರು. 1739ರಲ್ಲಿ ಬ್ರಿಸ್ಟಲ್ ಹತ್ತಿರ ಬಯಲಲ್ಲಿ ನಿಂತು ಬೋಧನೆ ಮಾಡೋಕೆ ಶುರು ಮಾಡಿದರು. ಚರ್ಚಿನ ಒಳಗೆ ಕಾಲಿಡದ ಗಣಿ ಕಾರ್ಮಿಕರು ಬಯಲಿಗೆ ಬಂದು ಕೇಳಿದರು. ಅಂದಿನಿಂದ ಮೆಥಡಿಸ್ಟರಿಗೂ ಬಯಲಿಗೂ ನಂಟು. ಅಮೆರಿಕಕ್ಕೆ ಬಂದ ಮೇಲೆ ಆ ನಂಟು ಇನ್ನೂ ಬೆಳೆಯಿತು. ಹಳ್ಳಿಗಳು ದೂರ ದೂರ, ಪಾದ್ರಿಗಳು ಕಡಿಮೆ. ಹಾಗಾಗಿ ಸುಗ್ಗಿ ಮುಗಿದ ಮೇಲೆ ಜನ ಗಾಡಿ ಕಟ್ಟಿಕೊಂಡು ಕಾಡಿನ ನಡುವೆ ಒಂದು ಕಡೆ ಸೇರುತ್ತಿದ್ದರು. ಟೆಂಟು ಹಾಕುತ್ತಿದ್ದರು. ಹಗಲೂ ರಾತ್ರಿ ಪ್ರಾರ್ಥನೆ, ಹಾಡು, ಅಳು, ಸಾಕ್ಷಿ ಹೇಳೋದು. ಜೊತೆಗೆ ಅಡುಗೆ, ಹರಟೆ, ಹುಡುಗ ಹುಡುಗಿ ನೋಡೋದು. ಇದಕ್ಕೆ ಕ್ಯಾಂಪ್ ಮೀಟಿಂಗ್ ಅಂತ ಹೆಸರು ಬಿತ್ತು.

ಅಂತರ್ಯುದ್ಧ ಮುಗಿದು ನಾಲ್ಕು ವರ್ಷ ಆಗಿತ್ತು. ವಿಲಿಯಂ ಆಸ್‌ಬಾರ್ನ್ ಅನ್ನೋ ಮೆಥಡಿಸ್ಟ್ ಪಾದ್ರಿ ಜೆರ್ಸಿಯ ಕಡಲತಡಿಯಲ್ಲಿ ಜಾಗ ಹುಡುಕುತ್ತಾ ತಿರುಗಿದರು. ಈಗಿನ ಓಷನ್ ಗ್ರೋವ್ ಇರುವ ಜಾಗ ಹಿಡಿಸಿತು. ಎತ್ತರದ ಮರಳ ದಂಡೆ, ದಟ್ಟ ಮರಗಳು, ಎರಡು ಕಡೆ ಕೆರೆ. ಎಲ್ಲಕ್ಕಿಂತ ಮುಖ್ಯ, ಸೊಳ್ಳೆ ಇಲ್ಲ. ಭಕ್ತಿ ಎಷ್ಟೇ ಇರಲಿ, ಟೆಂಟಿನಲ್ಲಿ ಮಲಗುವವನಿಗೆ ಸೊಳ್ಳೆಯೇ ಮೊದಲ ವಿಷಯ ಅಲ್ವಾ. ಈ ಜಾಗದ ಆಯ್ಕೆಯ ಕತೆಯಲ್ಲಿ ಸೊಳ್ಳೆಯ ಮಾತು ಬರದೇ ಇರೋದೇ ಇಲ್ಲ.

1869ರ ಜುಲೈ 31ರ ಸಂಜೆ ಮೊದಲ ಪ್ರಾರ್ಥನೆ ನಡೆಯಿತು. ಥಾರ್ನ್ಲಿ ಅನ್ನೋ ಹೆಂಗಸಿನ ಟೆಂಟಿನಲ್ಲಿ ಇಪ್ಪತ್ತು ಚಿಲ್ಲರೆ ಜನ ಸೇರಿದ್ದರು. ಎಲ್‌ವುಡ್ ಸ್ಟೋಕ್ಸ್ ಅನ್ನೋ ಪಾದ್ರಿ ಬೈಬಲಿನ ಮೊದಲ ಪುಟ ತೆಗೆದು "ಆದಿಯಲ್ಲಿ ದೇವರು" ಅನ್ನೋ ಮಾತಿನಿಂದ ಶುರು ಮಾಡಿದರು. ಮುಂದಿನ ವರ್ಷ, ಅಂದರೆ 1870ರಲ್ಲಿ, ನ್ಯೂಜೆರ್ಸಿ ರಾಜ್ಯ ಈ ಗುಂಪಿಗೆ ಸನದು ಕೊಟ್ಟಿತು. ಓಷನ್ ಗ್ರೋವ್ ಕ್ಯಾಂಪ್ ಮೀಟಿಂಗ್ ಅಸೋಸಿಯೇಷನ್ ಅಂತ ಸಂಸ್ಥೆಯಾಯಿತು. ಸ್ಟೋಕ್ಸ್ ಅದರ ಮೊದಲ ಅಧ್ಯಕ್ಷರಾದರು, 1897ರಲ್ಲಿ ಸಾಯುವ ತನಕ ಅವರೇ ಅಧ್ಯಕ್ಷರು. ಈಗ ಸಮುದ್ರದ ದಂಡೆ ಹತ್ತಿರ ಅವರ ಕಂಚಿನ ಪ್ರತಿಮೆ ಇದೆ.

ಆಸ್‌ಬಾರ್ನ್ ಮಾತ್ರ ಒಂದು ಕಡೆ ಕೂರುವ ಆಸಾಮಿ ಅಲ್ಲ. ಊರು ಎದ್ದ ಕೆಲವೇ ವರ್ಷಕ್ಕೆ ಮಿಷನರಿಯಾಗಿ ಭಾರತಕ್ಕೆ ಹೊರಟರು. ಆ ಹೊತ್ತಿಗೆ ವಿಲಿಯಂ ಟೇಲರ್ ಅನ್ನೋ ಅಮೆರಿಕದ ಮೆಥಡಿಸ್ಟ್ ಬೋಧಕ ಭಾರತದ ಊರೂರು ತಿರುಗುತ್ತಿದ್ದರು. ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳ ಬೇರು ಇರುವುದು ಈ ಅಮೆರಿಕನ್ ಮೆಥಡಿಸ್ಟರ ಕೆಲಸದಲ್ಲೇ. ಕೋಲಾರದ ಇಟಿಸಿಎಂ ಆಸ್ಪತ್ರೆ, ಬೀದರ್, ರಾಯಚೂರು, ಕಲಬುರಗಿ ಕಡೆಯ ಮೆಥಡಿಸ್ಟ್ ಚರ್ಚುಗಳೂ ಅದೇ ಬಳ್ಳಿಯವು. ಮೈಸೂರಿನ ವೆಸ್ಲಿ ಪ್ರೆಸ್ಸು, ಬೆಂಗಳೂರಿನ ಹಡ್ಸನ್ ಚರ್ಚು ಮಾತ್ರ ಬೇರೆ. ಅವು ಇಂಗ್ಲೆಂಡಿನಿಂದ ಬಂದ ವೆಸ್ಲಿಯನ್ನರವು. ಇಬ್ಬರಿಗೂ ಮೂಲಪುರುಷ ಒಬ್ಬರೇ, ಹಡಗು ಬೇರೆ ಬೇರೆ.

ಸರಿ, ಊರಿನ ವಿಷಯಕ್ಕೆ ಬರೋಣ. ಊರಿನ ನಕ್ಷೆ ಮಾಡಿದವರು ಒಂದು ಜಾಣತನ ಮಾಡಿದ್ದಾರೆ. ಸಮುದ್ರಕ್ಕೆ ಹೋಗುವ ಬೀದಿಗಳಲ್ಲಿ ಕೊನೆಯ ಎರಡು ಬ್ಲಾಕಿನ ಮನೆಗಳು ಒಂದಕ್ಕಿಂತ ಒಂದು ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿದಿವೆ. ಸಮುದ್ರ ಹತ್ತಿರ ಬಂದಷ್ಟೂ ಬೀದಿ ಅಗಲ ಆಗುತ್ತಾ ಹೋಗುತ್ತದೆ. ಹಾಗಾಗಿ ಹಿಂದಿನ ಮನೆಯವರಿಗೂ ಜಗಲಿಯಲ್ಲಿ ಕೂತರೆ ನೀರು ಕಾಣುತ್ತೆ, ಗಾಳಿ ಬರುತ್ತೆ. ಮುಂದಿನ ಮನೆಯವನು ಹಿಂದಿನವನ ಗಾಳಿ ತಡೆಯಬಾರದು ಅನ್ನೋದು ನಕ್ಷೆಯಲ್ಲೇ ಇದೆ. ಇವತ್ತಿನ ಬಿಲ್ಡರುಗಳಿಗೆ ಕರೆದುಕೊಂಡು ಹೋಗಿ ತೋರಿಸಬೇಕು ಅನಿಸುತ್ತೆ.

ಬೀದಿಯ ಹೆಸರುಗಳೂ ಮಜವಾಗಿವೆ. ಮೌಂಟ್ ಕಾರ್ಮೆಲ್, ಮೌಂಟ್ ಹರ್ಮನ್, ಪಿಲ್‌ಗ್ರಿಮ್ ಪಾಥ್‌ವೇ. ಅಕ್ಕಪಕ್ಕದಲ್ಲೇ ಹೆಕ್ ಮತ್ತು ಎಂಬುರಿ. 1766ರಲ್ಲಿ ನ್ಯೂಯಾರ್ಕಿನಲ್ಲಿ ಬಾರ್ಬರಾ ಹೆಕ್ ಅನ್ನೋ ಹೆಂಗಸು ತನ್ನ ಕಡೆಯವರು ಇಸ್ಪೀಟು ಆಡುತ್ತಿದ್ದದ್ದನ್ನು ನೋಡಿ, ಎಲೆಗಳನ್ನು ಬಾಚಿ ಬೆಂಕಿಗೆ ಹಾಕಿ, ಫಿಲಿಪ್ ಎಂಬುರಿಯ ಮನೆಗೆ ಹೋಗಿ ನೀನು ಬೋಧನೆ ಮಾಡಲೇಬೇಕು ಅಂತ ಪಟ್ಟು ಹಿಡಿದಳಂತೆ. ವೆಬ್ ಅವೆನ್ಯೂ ಅಂತ ಇನ್ನೊಂದು ಇದೆ. ಕ್ಯಾಪ್ಟನ್ ವೆಬ್ ಒಕ್ಕಣ್ಣಿನ ಬ್ರಿಟಿಷ್ ಸೈನಿಕ, ಸಮವಸ್ತ್ರದಲ್ಲೇ ಬಂದು ಕತ್ತಿಯನ್ನು ಎದುರಿಗೆ ಇಟ್ಟುಕೊಂಡು ಬೋಧನೆ ಮಾಡುತ್ತಿದ್ದವನು. ಇಂಥವರ ಹೆಸರಿನ ಬೀದಿಗಳಲ್ಲಿ ಈಗ ಐಸ್‌ಕ್ರೀಂ ಹಿಡಿದುಕೊಂಡು ಮಕ್ಕಳು ಓಡಾಡುತ್ತಿರುತ್ತಾರೆ.

ಈಗ ಚಪ್ಪರ. 1894ಕ್ಕೂ ಮೊದಲು ಅದೇ ಜಾಗದಲ್ಲಿ ಚಿಕ್ಕ ಚಿಕ್ಕ ಚಪ್ಪರಗಳಿದ್ದವು. ಮೊದಲು ಬೋಧಕನಿಗೆ ಒಂದು ವೇದಿಕೆ, ಜನ ಮರದ ಕೆಳಗೆ. ಆಮೇಲೆ ಮೇಲೊಂದು ಮಾಡು. ಜನ ಜಾಸ್ತಿ ಆದಂತೆಲ್ಲ ದೊಡ್ಡ ಮಾಡು. ಅಂಥ ಹಳೇ ಚಪ್ಪರದ ಕಾಲದಲ್ಲೇ, 1884ರ ಆಗಸ್ಟ್ 4ರಂದು, ಮಾಜಿ ಅಧ್ಯಕ್ಷ ಯುಲಿಸಿಸ್ ಗ್ರಾಂಟ್ ಇಲ್ಲಿಗೆ ಬಂದಿದ್ದರು. ಕೆಲವು ತಿಂಗಳ ಹಿಂದೆಯಷ್ಟೇ ಅವರು ದಿವಾಳಿಯಾಗಿದ್ದರು, ನಂಬಿದ ಪಾಲುದಾರನೇ ಮುಳುಗಿಸಿದ್ದ. ಅಂತರ್ಯುದ್ಧದ ಹಳಬರ ಸಭೆ ಅದು. ಜನರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಸಾರ್ವಜನಿಕವಾಗಿ ಗ್ರಾಂಟ್ ಕಾಣಿಸಿಕೊಂಡಿದ್ದು ಅದೇ ಕೊನೆ. ಮುಂದಿನ ಜುಲೈಯಲ್ಲಿ ತೀರಿಕೊಂಡರು.

ಹೊಸ ಕಟ್ಟಡದ ನಕ್ಷೆ ಮಾಡಿದ್ದು ಫ್ರೆಡ್ ಕ್ಯಾಂಪ್ ಅನ್ನೋ ವಾಸ್ತುಶಿಲ್ಪಿ. ಉದ್ದ 225 ಅಡಿ, ಅಗಲ 161 ಅಡಿ. ಇಷ್ಟು ಅಗಲದ ಹಾಲಿನ ನಡುವೆ ಒಂದೂ ಕಂಬ ಇಲ್ಲದ ಹಾಗೆ ಮಾಡೋದು ಹೇಗೆ? ಆ ಕಾಲದಲ್ಲಿ ರೈಲು ಸೇತುವೆಗಳಿಗೂ ದೊಡ್ಡ ಸ್ಟೇಷನ್ನುಗಳಿಗೂ ಹಾಕುತ್ತಿದ್ದಂಥ ಕಬ್ಬಿಣದ ಟ್ರಸ್ಸುಗಳನ್ನೇ, ಅಂದರೆ ಪಟ್ಟಿಗಳನ್ನು ಹೆಣೆದು ಮಾಡಿದ ಚೌಕಟ್ಟುಗಳನ್ನೇ ತಂದರು. ಇಂಥ ಏಳು ಟ್ರಸ್ಸುಗಳು ಈ ಗೋಡೆಯಿಂದ ಆ ಗೋಡೆಗೆ ಕಮಾನಾಗಿ ನಿಂತಿವೆ. ಇಡೀ ಮಾಡಿನ ಭಾರ ಅವುಗಳ ಮೇಲೆ. ಗೋಡೆಗೆ ಭಾರ ಹೊರುವ ಕೆಲಸವೇ ಇಲ್ಲ, ಹಾಗಾಗಿ ಗೋಡೆ ತುಂಬಾ ಬಾಗಿಲು ಇಡಬಹುದಾಯಿತು. ಕಣಜದ ಬಾಗಿಲುಗಳಂಥ ದೊಡ್ಡ ಬಾಗಿಲು. ಎಲ್ಲ ತೆರೆದರೆ ಕಡಲ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತೆ. ಫ್ಯಾನು ಏಸಿ ಇಲ್ಲದ ಕಾಲ. ಬೇಸಿಗೆಯಲ್ಲಿ ಸಾವಿರಾರು ಜನ ಕೋಟು, ಉದ್ದ ಗೌನು ಹಾಕಿಕೊಂಡು ಗಂಟೆಗಟ್ಟಲೆ ಕೂರಬೇಕಿತ್ತು ಅನ್ನೋದನ್ನು ನೆನೆಸಿಕೊಂಡರೆ ಬಾಗಿಲುಗಳ ಬೆಲೆ ಗೊತ್ತಾಗುತ್ತೆ.

ಕಬ್ಬಿಣದ ಕೆಳಗೆ ಪೂರ್ತಿ ಮರದ ಹಲಗೆ ಹೊದಿಸಿದ್ದಾರೆ. ಚಾವಣಿ ಬಾಗಿಕೊಂಡು ಹೋಗುತ್ತದೆ. ಮೈಕು ಇರಲಿಲ್ಲವಲ್ಲ, ಬೋಧಕನ ದನಿ ಕೊನೆಯ ಸಾಲಿಗೆ ಮುಟ್ಟಬೇಕಿತ್ತು. ಒಳಗೆ ನಿಂತು ಮಾತಾಡಿದರೆ ಇಡೀ ಹಾಲು ವೀಣೆಯ ಬುರುಡೆಯಂತೆ ದನಿಯನ್ನು ಹಿಡಿದು ತುಂಬಿಕೊಡುತ್ತದೆ. ಕಲ್ಲಿನ ಚರ್ಚುಗಳಲ್ಲಿ ಮಾತು ಹೋಗಿ ಗೋಡೆಗೆ ಬಡಿದು ತಡವಾಗಿ ವಾಪಸ್ ಬರುತ್ತೆ, ಒಂದರ ಮೇಲೊಂದು ಬಿದ್ದು ಗೋಜಲಾಗುತ್ತೆ. ಮರ ಹಾಗೆ ಮಾಡಲ್ಲ.

ವೇದಿಕೆಯ ಎರಡೂ ಕಡೆ ಬಲ್ಬುಗಳಿಂದ ಬರೆದ ಎರಡು ದೊಡ್ಡ ಸಾಲುಗಳಿವೆ. ಒಂದು ಕಡೆ "ಕರ್ತನಿಗೆ ಪರಿಶುದ್ಧ" ಅನ್ನೋ ಅರ್ಥದ ಮಾತು, ಇನ್ನೊಂದು ಕಡೆ "ನೀವೂ ಪರಿಶುದ್ಧರಾಗಿರಿ" ಅಂತ. ನಡುವೆ ಬಲ್ಬುಗಳಿಂದಲೇ ಮಾಡಿದ ಅಮೆರಿಕದ ಬಾವುಟ, ಅದು ಹಾರುತ್ತಿರುವ ಹಾಗೆ ದೀಪಗಳು ಮಿನುಗುತ್ತವೆ. ನಿಜ ಹೇಳಬೇಕೆಂದರೆ ಮೊದಲು ನೋಡಿದಾಗ ನನಗೆ ದಸರಾ ದೀಪಾಲಂಕಾರ ನೆನಪಾಗಿ ನಗು ಬಂತು. ಆದರೆ ಕರೆಂಟು ಹೊಸದಾಗಿದ್ದ ಕಾಲದಲ್ಲಿ ದೇವರ ಮಾತನ್ನು ಬಲ್ಬಿನಲ್ಲಿ ಬರೆಯೋದು ಎಷ್ಟು ದೊಡ್ಡ ಸಂಗತಿ ಆಗಿರಬೇಕು!

ಇಲ್ಲಿರುವ ಆರ್ಗನ್, ಅಂದರೆ ಕೊಳವೆಗಳಿಗೆ ಗಾಳಿ ಊದಿ ದನಿ ಹೊರಡಿಸುವ ದೊಡ್ಡ ವಾದ್ಯದ ಬಗ್ಗೆ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಅದು ಬಂದಿದ್ದು 1908ರಲ್ಲಿ. ಮಾಡಿದವನು ರಾಬರ್ಟ್ ಹೋಪ್ ಜೋನ್ಸ್. ಈತ ಇಂಗ್ಲೆಂಡಿನಲ್ಲಿ ಟೆಲಿಫೋನ್ ಎಂಜಿನಿಯರ್ ಆಗಿದ್ದವನು. ಹಳೇ ಕ್ರಮದ ಆರ್ಗನ್ನುಗಳಲ್ಲಿ ಪ್ರತಿ ಮಣೆಗೂ ಅದರ ಕೊಳವೆಗೂ ಮರದ ಕಡ್ಡಿ, ಸನ್ನೆಗಳ ನಂಟು ಇರುತ್ತಿತ್ತು. ದೊಡ್ಡ ಆರ್ಗನ್ ಆದರೆ ಮಣೆ ಒತ್ತೋಕೆ ಬೆರಳಿಗೆ ಒಳ್ಳೇ ಕಸುವು ಬೇಕು. ಹೋಪ್ ಜೋನ್ಸ್ ಆ ಕಡ್ಡಿಗಳನ್ನೆಲ್ಲ ತೆಗೆದು ಟೆಲಿಫೋನಿನ ಹಾಗೆ ತಂತಿ ಎಳೆದ. ಮಣೆ ಒತ್ತಿದರೆ ಕರೆಂಟು ಹರಿಯುತ್ತೆ, ದೂರದಲ್ಲಿ ಕೊಳವೆಯ ಬಾಯಿ ತೆರೆಯುತ್ತೆ. ನುಡಿಸುವವನು ಎಲ್ಲಿ ಬೇಕಾದರೂ ಕೂರಬಹುದು. ಓಷನ್ ಗ್ರೋವಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಕೊಳವೆಗಳನ್ನು ಕಾಂಕ್ರೀಟಿನ ಕೋಣೆಗಳಲ್ಲಿ ಇಟ್ಟು, ಮುಂದೆ ತೆರೆದು ಮುಚ್ಚುವ ಪಟ್ಟಿಗಳನ್ನು ಹಾಕಿದ. ಪಟ್ಟಿ ಮುಚ್ಚಿದ್ದರೆ ದನಿ ಪಿಸುಗುಡುತ್ತೆ. ನಿಧಾನಕ್ಕೆ ತೆರೆದರೆ ಗುಡುಗು ದೂರದಿಂದ ಹತ್ತಿರ ಬಂದ ಹಾಗೆ. ಬಿರುಗಾಳಿಯ ಸದ್ದು ಹೊರಡಿಸುವ ಒಂದು ತುಣುಕು ಇಲ್ಲಿ ಬಹಳ ಪ್ರಸಿದ್ಧ.

ಪಾಪ, ಹೋಪ್ ಜೋನ್ಸ್‌ಗೆ ವ್ಯಾಪಾರ ಕೈ ಹತ್ತಲಿಲ್ಲ. ಎರಡೇ ವರ್ಷದಲ್ಲಿ ಅವನ ಕಂಪನಿಯನ್ನು ವುರ್ಲಿಟ್ಜರ್ ಕೊಂಡುಕೊಂಡಿತು. 1914ರಲ್ಲಿ ಅವನೇ ಜೀವ ಕಳೆದುಕೊಂಡ. ಆಮೇಲೆ ಮೂಕಿ ಚಿತ್ರಗಳ ಟಾಕೀಸುಗಳಲ್ಲಿ ಊರೂರಲ್ಲಿ ಮೊಳಗಿದ ವುರ್ಲಿಟ್ಜರ್ ಆರ್ಗನ್ನುಗಳು ಅವನ ತಲೆಯಿಂದ ಬಂದವೇ. ಸಿನಿಮಾವನ್ನು ಅನುಮಾನದಿಂದ ನೋಡುತ್ತಿದ್ದ ಮಡಿವಂತರ ಊರಿನಲ್ಲಿ ಟಾಕೀಸ್ ಆರ್ಗನ್ನಿನ ಅಜ್ಜ ಕೂತಿದ್ದಾನೆ. ಇವತ್ತು ಆ ವಾದ್ಯ ಬೆಳೆದು 12,000ಕ್ಕೂ ಜಾಸ್ತಿ ಕೊಳವೆಗಳಾಗಿವೆ. ಬೇಸಿಗೆಯಲ್ಲಿ ಬುಧವಾರ, ಶನಿವಾರ ಕಛೇರಿ ಇರುತ್ತೆ. ಟಿಕೆಟ್ ಇಲ್ಲ. ಮನಸ್ಸಿಗೆ ಬಂದಷ್ಟು ಕಾಣಿಕೆ ಹಾಕಬಹುದು.

ಚಪ್ಪರದ ಸುತ್ತ ಟೆಂಟುಗಳಿವೆ. ನಿಜವಾದ ಕ್ಯಾನ್ವಾಸ್ ಟೆಂಟುಗಳು, ಈಗ 114. ಒಂದು ಕಾಲಕ್ಕೆ 600ಕ್ಕೂ ಜಾಸ್ತಿ ಇದ್ದವು. ಇವುಗಳ ಏರ್ಪಾಡು ಹತ್ತಿರದಿಂದ ನೋಡಬೇಕು. ಹಿಂದೆ ಒಂದು ಪುಟ್ಟ ಮರದ ಕೋಣೆ, ಅದರಲ್ಲಿ ಅಡುಗೆಮನೆ, ಬಚ್ಚಲು. ಅದರ ಮುಂದೆ ಮರದ ನೆಲ, ನೆಲದ ಮೇಲೆ ಟೆಂಟು, ಟೆಂಟಿನ ಮುಂದೆ ಪಟ್ಟೆ ಪಟ್ಟೆ ಬಟ್ಟೆಯ ನೆರಳಿನ ಜಗಲಿ. ಒಳಗೆ ಒಂದು ಪರದೆ ಎಳೆದರೆ ಈ ಕಡೆ ನಡುಮನೆ, ಆ ಕಡೆ ಮಲಗುವ ಕೋಣೆ. ಪಕ್ಕದ ಟೆಂಟು ಎಷ್ಟು ಹತ್ತಿರ ಅಂದರೆ ಅವರು ಸೀನಿದರೆ ಇವರು ಹರಸಬಹುದು. ಸೆಪ್ಟೆಂಬರಿನಲ್ಲಿ ಬಟ್ಟೆ ಬಿಚ್ಚಿ ಮಡಚಿ, ಕುರ್ಚಿ ಮೇಜೆಲ್ಲ ಹಿಂದಿನ ಕೋಣೆಗೆ ತುರುಕಿ ಬೀಗ ಹಾಕುತ್ತಾರೆ. ಮೇ ತಿಂಗಳಲ್ಲಿ ಮತ್ತೆ ಟೆಂಟು ಏಳುತ್ತೆ. ಒಂದೊಂದು ಟೆಂಟು ಮನೆತನದ ಆಸ್ತಿಯ ಹಾಗೆ ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತೆ. ಹೊಸಬರು ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು.

ಬೀದರಿನ ನನ್ನ ಗೆಳೆಯನೊಬ್ಬನನ್ನು ಇಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವರ ಮನೆಯವರು ಮೂರು ತಲೆಮಾರಿನಿಂದ ಮೆಥಡಿಸ್ಟರು. ಟೆಂಟುಗಳ ಸಾಲು ನೋಡಿದ್ದೇ ತಡ, "ಇದು ಥೇಟ್ ನಮ್ ದರೂರ್ ಜಾತ್ರಿನೇ ಅದ ನೋಡ್ರಿ" ಅಂದ. ದರೂರು ಈಗಿನ ತೆಲಂಗಾಣದ ವಿಕಾರಾಬಾದ್ ಕಡೆ ಇದೆ. ನೂರು ವರ್ಷದ ಹತ್ತಿರದಿಂದ ಪ್ರತಿ ನವೆಂಬರಿನಲ್ಲಿ ಅಲ್ಲಿ ಮೆಥಡಿಸ್ಟರ ಜಾತ್ರೆ ನಡೆಯುತ್ತೆ. ಬೀದರ್ ಕಡೆಯಿಂದಲೂ ಜನ ಹೋಗುತ್ತಾರೆ. ಬಯಲಲ್ಲಿ ಡೇರೆ ಹಾಕಿಕೊಂಡು ಇರೋದು, ಒಲೆ ಹೂಡೋದು, ಹೊತ್ತುಹೊತ್ತಿಗೆ ಪ್ರಾರ್ಥನೆ, ಹರಕೆ, ನಡುವೆ ಸಂತೆ. ನನಗೆ ಅಲ್ಲಿಯ ತನಕ ಈ ಎರಡನ್ನೂ ಜೋಡಿಸಿ ನೋಡಬೇಕು ಅಂತ ಹೊಳೆದೇ ಇರಲಿಲ್ಲ. ಅವನು ಮಾತ್ರ ಏನೂ ದೊಡ್ಡ ವಿಷಯ ಅಲ್ಲ ಅನ್ನೋ ಹಾಗೆ, "ಖರೆ ಅಂದ್ರ, ಅಲ್ಲಿ ಊಟ ಛಲೋ ಇರ್ತದ" ಅಂತ ಸೇರಿಸಿದ.

ಆದರೆ ಓಷನ್ ಗ್ರೋವಿನಲ್ಲಿ ಜಾತ್ರೆಯ ಸಡಿಲ ಇರಲಿಲ್ಲ. ಇಲ್ಲಿ ಕಟ್ಟುಪಾಡು ಜಾಸ್ತಿ. ಸನದಿನ ಜೊತೆ ರಾಜ್ಯ ಸರ್ಕಾರ ಈ ಧಾರ್ಮಿಕ ಸಂಸ್ಥೆಗೆ ಊರಾಳುವ ಅಧಿಕಾರವನ್ನೇ ಕೊಟ್ಟುಬಿಟ್ಟಿತ್ತು. ಸಂಸ್ಥೆಗೆ ತನ್ನದೇ ಪೊಲೀಸು, ತನ್ನದೇ ಕೋರ್ಟು, ತನ್ನದೇ ಕಾನೂನು. ನೆಲವೆಲ್ಲ ಸಂಸ್ಥೆಯದು, ಮನೆ ಕಟ್ಟಿಕೊಂಡವರದ್ದು 99 ವರ್ಷದ ಗುತ್ತಿಗೆ. ಇವತ್ತಿಗೂ ಅಲ್ಲಿ ಮನೆ ಕೊಂಡರೆ ನೆಲ ನಿಮ್ಮದಾಗಲ್ಲ. ಗೋಡೆ ನಿಮ್ಮದು, ಮಣ್ಣು ಅವರದು.

ಭಾನುವಾರ ಅಂತೂ ಕಟ್ಟುನಿಟ್ಟು. ಶನಿವಾರ ನಡುರಾತ್ರಿ ಊರ ಬಾಗಿಲುಗಳಿಗೆ ಸರಪಳಿ. ಮೊದಲು ಕುದುರೆಗಾಡಿಗೆ ನಿಷೇಧ, ಕಾರು ಬಂದ ಮೇಲೆ ಕಾರಿಗೂ. ಓಡಿಸಬಾರದು ಅಂತ ಮಾತ್ರ ಅಲ್ಲ, ಬೀದಿಯಲ್ಲಿ ನಿಲ್ಲಿಸಿರಲೂಬಾರದು. ಹಾಗಾಗಿ ಶನಿವಾರ ರಾತ್ರಿ ಊರವರೆಲ್ಲ ಕಾರು ತೆಗೆದುಕೊಂಡು ಹೋಗಿ ಊರಾಚೆ ಬಿಟ್ಟು ನಡೆದು ಬರುತ್ತಿದ್ದರು. ಸಮುದ್ರಸ್ನಾನ ಇಲ್ಲ, ಸೈಕಲ್ ಇಲ್ಲ, ಬಟ್ಟೆ ಒಣಹಾಕೋದೂ ಇಲ್ಲ. ಭಾನುವಾರ ಸಂಜೆ ಮಾತ್ರ ಮರಳಿನ ಮೇಲೆ ಸಾವಿರಾರು ಜನ ಸೇರಿ ಅಲೆಗಳ ಎದುರಿಗೇ ಪ್ರಾರ್ಥನೆ ಮಾಡುತ್ತಿದ್ದರು. ಕಪ್ಪು ಬಿಳುಪು ಫೋಟೋಗಳಲ್ಲಿ ನೋಡಿದರೆ ಮರಳೇ ಕಾಣಲ್ಲ, ಬರೀ ಟೋಪಿಗಳು.

ಪ್ರಶ್ನೆ ಕೇಳುವವರು ಇರಲಿಲ್ಲ ಅಂತಲ್ಲ. 1920ರಲ್ಲಿ ಊರನ್ನು ಸಂಸ್ಥೆಯಿಂದ ಬಿಡಿಸಿ ಮಾಮೂಲಿ ಪುರಸಭೆ ಮಾಡುವ ಪ್ರಯತ್ನ ನಡೆಯಿತು. ಒಂದೇ ವರ್ಷಕ್ಕೆ ಕೋರ್ಟು ಅದನ್ನು ರದ್ದು ಮಾಡಿತು. 1970ರ ದಶಕದಲ್ಲಿ ಮತ್ತೆ ಶುರುವಾಯಿತು. ಮೊದಲು ಪೇಪರ್ ಹಂಚುವವರ ಕೇಸು. ಭಾನುವಾರದ ಪೇಪರ್ ಬೆಳಗಿನ ಜಾವ ಗಾಡಿಯಲ್ಲಿ ತರಬೇಕು, ಗಾಡಿಗೆ ಪ್ರವೇಶ ಇಲ್ಲ. 1977ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಪೇಪರ್ ತಡೆಯುವ ಹಾಗಿಲ್ಲ ಅಂದಿತು, ಆದರೆ ಸಂಸ್ಥೆಯ ಅಧಿಕಾರಕ್ಕೆ ಕೈ ಹಾಕಲಿಲ್ಲ.

ಆ ಕೆಲಸ ಮಾಡಿದ್ದು ಇನ್ನೊಂದು ಕೇಸು. ಮದ್ಯ ಸಿಗದ ಈ ಊರಿನಲ್ಲಿ ಕುಡಿದು ಗಾಡಿ ಓಡಿಸಿದ ಅಂತ ಒಬ್ಬನನ್ನು ಹಿಡಿದರು. ಊರಿನ ಕೋರ್ಟು ಶಿಕ್ಷೆ ಕೊಟ್ಟಿತು. ಅವನ ವಕೀಲರು ಕೇಳಿದ್ದು ಒಂದೇ ಪ್ರಶ್ನೆ. ಪಾದ್ರಿಗಳ ಸಂಸ್ಥೆ ನೇಮಿಸಿದ ಕೋರ್ಟಿಗೆ ನನ್ನ ಕಕ್ಷಿಗಾರನಿಗೆ ಶಿಕ್ಷೆ ಕೊಡೋಕೆ ಏನು ಹಕ್ಕು? 1979ರಲ್ಲಿ ಅದೇ ಸುಪ್ರೀಂ ಕೋರ್ಟು, ಹೌದು, ಹಕ್ಕಿಲ್ಲ, ಸರ್ಕಾರದ ಅಧಿಕಾರವನ್ನು ಧರ್ಮಸಂಸ್ಥೆಗೆ ಕೊಡೋದು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ನೂರು ವರ್ಷ ಮೀರಿದ ಆಡಳಿತ ಮುಗಿಯಿತು. ಪೊಲೀಸು ಕೆಲಸ ಈ ಊರು ಸೇರಿರುವ ನೆಪ್ಚೂನ್ ಟೌನ್‌ಶಿಪ್ಪಿಗೆ ಹೋಯಿತು. ಸರಪಳಿ ತೆಗೆದರು, ಭಾನುವಾರ ಕಾರುಗಳು ಒಳಗೆ ಬಂದವು. ಬೋಧಕರು, ಅಧ್ಯಕ್ಷರು, ಶಾಸನಸಭೆ ಯಾರೂ ಅಲುಗಾಡಿಸದ ಸರ್ಕಾರವನ್ನು ಒಬ್ಬ ಕುಡುಕ ಕೆಡವಿದ. ಇಂಥ ಕತೆಯನ್ನು ಯಾರಾದರೂ ಸುಮ್ನೆ ಕಟ್ಟಿದ್ದರೆ ನಾವು ನಂಬುತ್ತಿರಲಿಲ್ಲ.

ತೀರ್ಪು ಸರಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ವಾರಕ್ಕೆ ಒಂದು ದಿನ ಕಾರೇ ಇಲ್ಲದ ಊರು ಅಮೆರಿಕದಲ್ಲಿ ಇತ್ತು ಅಂದರೆ ಹೊಟ್ಟೆಕಿಚ್ಚು ಆಗುತ್ತೆ. ಬೀದಿಯ ನಡುವೆ ಮಕ್ಕಳು ನಡೆಯಬಹುದಿತ್ತು. ಅದಕ್ಕೆ ಪಾದ್ರಿಗಳ ಪೊಲೀಸು ಬೇಕಿರಲಿಲ್ಲ, ಊರವರೇ ಕೂತು ತೀರ್ಮಾನ ಮಾಡಬಹುದಿತ್ತು. ಮಾಡಲಿಲ್ಲ.

ಸರ್ಕಾರ ಹೋದರೂ ನೆಲ ಸಂಸ್ಥೆಯದ್ದೇ ಉಳಿಯಿತಲ್ಲ, ಜಗಳ ಅಲ್ಲಿಂದ ಮುಂದುವರಿಯಿತು. ಸಮುದ್ರದ ದಂಡೆಯ ಮೇಲಿನ ಮಂಟಪವನ್ನು ಮದುವೆಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. 2007ರಲ್ಲಿ ಹೆಂಗಸರಿಬ್ಬರ ಜೋಡಿ ತಮ್ಮ ಸಮಾರಂಭಕ್ಕೆ ಕೇಳಿದಾಗ ಕೊಡಲ್ಲ ಅಂದರು. ಸಾರ್ವಜನಿಕರಿಗೆ ಮುಕ್ತ ಅಂತ ಬರೆದುಕೊಟ್ಟು ತೆರಿಗೆ ವಿನಾಯ್ತಿ ಪಡೆದ ಜಾಗ ಅದು. ರಾಜ್ಯ ಆ ಮಂಟಪದ ವಿನಾಯ್ತಿ ವಾಪಸ್ ತೆಗೆದುಕೊಂಡಿತು, 2012ರಲ್ಲಿ ನ್ಯಾಯಾಧೀಶರು ಜೋಡಿಯ ಪರವಾಗಿ ತೀರ್ಪು ಕೊಟ್ಟರು. ವಿಚಿತ್ರ ಏನಂದರೆ, ಆ ಹೊತ್ತಿಗಾಗಲೇ ಊರಿನ ಹಳೇ ವಿಕ್ಟೋರಿಯನ್ ಮನೆಗಳನ್ನು ಕೊಂಡು, ಬಣ್ಣ ಬಳಿದು, ಉಳಿಸಿದವರಲ್ಲಿ ಸಲಿಂಗಿ ಜೋಡಿಗಳು ಬಹಳ ಜನ ಇದ್ದರು. ಚಪ್ಪರದಲ್ಲಿ ಭಜನೆ ಕೇಳುವವರೂ, ಜಗಲಿಯಲ್ಲಿ ಕಾಮನಬಿಲ್ಲಿನ ಬಾವುಟ ಹಾಕಿದವರೂ ಒಂದೇ ಬೀದಿಯಲ್ಲಿ ಇದ್ದಾರೆ. ಕೆಲವರು ಎರಡನ್ನೂ ಮಾಡುತ್ತಾರೆ.

ಕಟ್ಟಡಕ್ಕೂ ಕಂಟಕಗಳು ಬಂದಿವೆ. ಇಡೀ ಊರೇ ಮರ, ಮನೆಗಳು ಒತ್ತೊತ್ತಾಗಿವೆ. 2011ರ ಮಾರ್ಚಿನಲ್ಲಿ ಮ್ಯಾಂಚೆಸ್ಟರ್ ಇನ್ ಅನ್ನೋ ಹಳೇ ಹೋಟೆಲು ಅಕ್ಕಪಕ್ಕದ ಮನೆಗಳ ಸಮೇತ ಸುಟ್ಟುಹೋಯಿತು. ಚಪ್ಪರ ಬಚಾವಾಯಿತು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂತು. ದಂಡೆಯ ಹಲಗೆ ದಾರಿ ಕಿತ್ತುಕೊಂಡು ಹೋಯಿತು, ಸಮುದ್ರದೊಳಗೆ ಚಾಚಿದ್ದ ಪಿಯರ್ ಮುರಿಯಿತು, ಆಡಿಟೋರಿಯಂನ ಮಾಡಿನ ಒಂದು ಭಾಗವೂ ಹಾರಿಹೋಯಿತು. ಮುಂದಿನ ಬೇಸಿಗೆಗೆ ಮಾಡು ರೆಡಿ. ಹೀಗೆ ಬೇಗ ಕಟ್ಟಿದ ಕಟ್ಟಡಕ್ಕೆ ಇದೊಂದು ಅನುಕೂಲ. ಕಲ್ಲಿನ ಗೋಪುರ ಬಿರುಕು ಬಿಟ್ಟರೆ ತಜ್ಞರ ಸಮಿತಿ ಬೇಕು, ಹಲಗೆ ಹಾರಿದರೆ ಬಡಗಿ ಸಾಕು.

ಪಿಯರ್ ಮಾತ್ರ ವಾಪಸ್ ಬಂದಿದ್ದು 2023ರಲ್ಲಿ. ಈ ಸಲ ಅದನ್ನು ಶಿಲುಬೆಯ ಆಕಾರದಲ್ಲಿ ಕಟ್ಟಿದ್ದಾರೆ. ದಂಡೆಯಿಂದ ನೋಡಿದರೆ ಅಷ್ಟಾಗಿ ತಿಳಿಯಲ್ಲ, ಡ್ರೋನ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಊರಲ್ಲಿ ಮತ್ತೆ ಎರಡು ಪಕ್ಷ. ಅದೇ ವರ್ಷ ಭಾನುವಾರದ ಬೆಳಿಗ್ಗೆಯ ವಿಷಯವೂ ಎದ್ದಿತು. ಸರಪಳಿ ಹೋಗಿ ನಾಲ್ಕು ದಶಕ ಆದರೂ ಭಾನುವಾರ ಮಧ್ಯಾಹ್ನ ಹನ್ನೆರಡರ ತನಕ ಬೀಚಿಗೆ ಇಳಿಯೋಕೆ ಬಿಡುತ್ತಿರಲಿಲ್ಲ. ರಾಜ್ಯದ ಪರಿಸರ ಇಲಾಖೆ ಇದು ನಡೆಯಲ್ಲ, ತೆರೆಯಿರಿ ಅಂತ ಹೇಳಿತು. ಸಂಸ್ಥೆ ನಮ್ಮ ಜಾಗ, ನಮ್ಮ ನಂಬಿಕೆ ಅಂದಿತು. ನನಗೆ ಕೇಳಿದರೆ, ಜನರಿಂದ ದುಡ್ಡು ತೆಗೆದುಕೊಂಡು ಬೀಚ್ ಬ್ಯಾಡ್ಜ್, ಅಂದರೆ ಬೀಚಿಗೆ ಇಳಿಯುವ ಪಾಸು ಮಾರುವ ತನಕ ಅದು ಖಾಸಗಿ ಪ್ರಾರ್ಥನಾ ಮಂದಿರ ಅಲ್ಲ.

ಈಗ ಊರಲ್ಲಿ ಎಲ್ಲಕ್ಕಿಂತ ಜೋರಾಗಿ ನಡೆಯುವ ಜಗಳ ಯಾವುದು ಗೊತ್ತಾ? ಪಾರ್ಕಿಂಗ್. ಕುದುರೆಗಾಡಿಯ ಕಾಲದ ಸಣ್ಣ ಬೀದಿಗಳು, ಮನೆಗಳಿಗೆ ಶೆಡ್ಡಿಲ್ಲ, ಬೇಸಿಗೆಯ ವಾರಾಂತ್ಯದಲ್ಲಿ ಆಸ್ಬರಿ ಪಾರ್ಕ್‌ಗೆ ಬಂದವರೂ ದುಡ್ಡು ಉಳಿಸೋಕೆ ಇಲ್ಲೇ ನಿಲ್ಲಿಸಿ ಸೇತುವೆ ದಾಟುತ್ತಾರೆ. ಹಾಗಾಗಿ ನೀವು ಆರ್ಗನ್ ಕೇಳೋಕೆ ಹೋಗೋದಾದರೆ ಉಲ್ಟಾ ಮಾಡಿ. ಗಾಡಿಯನ್ನು ಆಸ್ಬರಿ ಪಾರ್ಕಿನಲ್ಲಿ ದುಡ್ಡು ಕೊಟ್ಟು ನಿಲ್ಲಿಸಿ, ಇಲ್ಲಾಂದರೆ ರೈಲಿನಲ್ಲಿ ಬಂದು ಆಸ್ಬರಿ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿಯಿರಿ. ಅಲ್ಲಿಂದ ಕೆರೆ ದಾಟಿ ನಡೆದರೆ ಆಯಿತು. ಬುಧವಾರ ಹೋದರೆ ಜನ ಕಡಿಮೆ. ಬಾಗಿಲ ಪಕ್ಕದ ಸೀಟು ಹಿಡಿಯಿರಿ, ಗಾಳಿ ಚೆನ್ನಾಗಿ ಬರುತ್ತೆ.